ಕಬ್ಬನ್‌ಪೇಟೆಯ ಲಾಳಿ

ಬೆಂಗಳೂರಿನ ಕಬ್ಬನ್‌ಪೇಟೆಯ ನೇಕಾರ ಕುಟುಂಬವೊಂದರ ಮೂರು ತಲೆಮಾರಿನ ಕತೆ ಹೇಳುವ ಸಾಕ್ಷ್ಯಚಿತ್ರದ ಬಗ್ಗೆ ನೀವು ಬರೆದದ್ದನ್ನು ಓದಿ ನಮ್ಮ ತಾತ ಕಣ್ಮುಂದೆ ಬಂದರು. ಅದೇ ಪೇಟೆಯ ಓಣಿಯಲ್ಲಿ ಅವರ ಗುಂಡಿ ಮಗ್ಗ ಇತ್ತು, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನಲ್ಲಿ, ಒಂದೇ ಒಂದು ರೇಷ್ಮೆ ಎಳೆ ಕಡಿದರೂ ಅಡ್ಡ ನೂಲು ಹಾಯಿಸುವ ಲಾಳಿ ನಿಲ್ಲಿಸಿ, ಬೆರಳ ತುದಿ ಒದ್ದೆ ಮಾಡಿಕೊಂಡು ಹೊಸೆದು ಕೂಡಿಸುತ್ತಿದ್ದರು. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವ ಕೆಲಸ ಅಜ್ಜಿಯದು. ಅದಕ್ಕೆ ಯಾರೂ ಕೂಲಿ ಲೆಕ್ಕ ಹಾಕಲಿಲ್ಲ. ಚಿತ್ರದಲ್ಲಿ ಹೆಂಗಸರ ದುಡಿಮೆಯನ್ನೂ ತೋರಿಸಿದ್ದಾರೆ ಅಂತ ಬರೆದಿದ್ದೀರಿ, ತುಂಬ ಸಂತೋಷವಾಯಿತು.

ಆದರೆ ನೀವು ಬರೆದ ಹಾಗೆ ‘ಕುಲಕಸುಬಿನ ಮೇಲಿನ ಪ್ರೀತಿ’ ಅಂದರೆ ಸಾಲದು ಸರ್. 5.5 ಮೀಟರ್ ಸೀರೆಗೆ ದಿನಗಟ್ಟಲೆ ಕೂತು ನೇಯ್ದವರ ಕೈಗೆ ಎಷ್ಟು ಬಂತು ಅನ್ನುವುದೂ ಬರಬೇಕು. ಓಣಿಗೆಲ್ಲ ವಿದ್ಯುತ್ ಮಗ್ಗ ಬಂದ ಮೇಲೆ ತಾತ ಗುಂಡಿ ಮುಚ್ಚಿಸಿದರು. ಲಾಳಿ ಈಗಲೂ ನಮ್ಮ ದೇವರ ಮನೆಯಲ್ಲಿದೆ, ಆಯುಧಪೂಜೆಗೆ ಅರಿಶಿನ ಕುಂಕುಮ ಇಡುತ್ತೇವೆ.