ಗುಜಿರಿಗೆ ಕೊಡದ ಪೆಟ್ಟಿಗೆ

ಕಾಸರಗೋಡು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಕೇಳಿದ್ದು ಒಂದು ಹಿಡಿ ಸ್ಕ್ರೂ ಮಾತ್ರ. ಯಾವುದಕ್ಕೆ ಅಂತ ಹುಡುಗ ಕೇಳಿದ. ಮೊಬೈಲಿನಲ್ಲಿದ್ದ ಹಳೆಯ ಕಂಪ್ಯೂಟರ್ ಪೆಟ್ಟಿಗೆಯ ಫೋಟೋ ತೋರಿಸಿದೆ. ಬೆರಳಿನಲ್ಲಿ ಹಿಗ್ಗಿಸಿ ನೋಡಿದ. ಪಕ್ಕದವನಿಗೂ ತೋರಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ಸಾರ್, ಇದನ್ನು ಗುಜಿರಿಗೆ ಕೊಡಿ. ಒಳ್ಳೆ ತಗಡು, ಭಾರ ಉಂಟು. ಏನಾದ್ರೂ ಸಿಗ್ತದೆ."

ಸಲಹೆ ಸಿಕ್ಕಿತು, ಸ್ಕ್ರೂ ಸಿಗಲಿಲ್ಲ. ಈಗಿನ ಅಂಗಡಿಗಳಲ್ಲಿ ಇದೊಂದು ಕಾಯಿಲೆ. ಕೇಳಿದ ಸಾಮಾನು ಇಲ್ಲ ಅನ್ನುವುದಕ್ಕೆ ನಾಚಿಕೆ. ಅದಕ್ಕೇ ಆ ಸಾಮಾನು ನಮಗೆ ಬೇಡವೇ ಬೇಡ ಅಂತ ತಿಳಿಹೇಳುತ್ತಾರೆ.

ಭಾರ ಇರುವುದು ನಿಜ. ಪೆಟ್ಟಿಗೆ 486 ಅನ್ನುವ ಹಳೆಯ ಪ್ರೊಸೆಸರಿನ ಕಾಲದ್ದು. ಮೇಜಿನ ಮೇಲೆ ಅಡ್ಡ ಮಲಗಿ, ಬೆನ್ನ ಮೇಲೆ ಮಾನಿಟರ್ ಹೊರುತ್ತಿದ್ದ ಜಾತಿ. ಗಾಜಿನ ಟ್ಯೂಬಿನ ಆ ದಪ್ಪ ಮಾನಿಟರ್ ಕೂತರೂ ಬಗ್ಗುತ್ತಿರಲಿಲ್ಲ. ಈಗಿನದರ ಮೇಲೆ ಒಂದು ಲೋಟ ಚಹಾ ಇಡುವುದಕ್ಕೂ ಹೆದರಿಕೆ. ಸುತ್ತ ಗಾಜು, ಒಳಗೆ ಬಣ್ಣಬಣ್ಣದ ದೀಪ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಒಂದು ಮಳೆಗಾಲ ಅಂಥದ್ದೊಂದನ್ನು ಹೊತ್ತು ತಂದು ನಮ್ಮ ಚಾವಡಿಯಲ್ಲಿ ಇಟ್ಟಿದ್ದ. ರಾತ್ರಿಯಿಡೀ ಕೆಂಪು, ಹಸಿರು, ನೀಲಿ. ಊರಿನ ಹುಳಗಳೆಲ್ಲ ನಮ್ಮಲ್ಲಿಗೇ. ಬೆಳಿಗ್ಗೆ ಎದ್ದರೆ ರೆಕ್ಕೆಗಳ ರಾಶಿ ಗುಡಿಸುವುದು ನನ್ನ ಕೆಲಸ. ಲೆಕ್ಕ ಮಾಡುವ ಯಂತ್ರಕ್ಕೆ ಇಷ್ಟೊಂದು ದೀಪ ಯಾಕೆ ಮಾರಾಯ ಅಂದರೆ, "ಮಾವ, ಅದು ಲುಕ್ಕಿಗೆ" ಅಂದ.

ಆ ಸಿಟ್ಟಿನಲ್ಲೇ ದೊಡ್ಡಪ್ಪನ ಮನೆಯ ಅಟ್ಟ ಹತ್ತಿ, ಅಡಿಕೆ ಗೋಣಿಗಳ ಹಿಂದಿನಿಂದ ಈ ಪೆಟ್ಟಿಗೆ ಇಳಿಸಿದ್ದು. ಒಳಗೆ ಹಲ್ಲಿ ಮೊಟ್ಟೆಯ ಚಿಪ್ಪು, ಕಣಜ ಕಟ್ಟಿದ ಮಣ್ಣಿನ ಗೂಡು. ಕಿಟಕಿಯ ಕಡೆಗಿದ್ದ ಬದಿ ಹಳದಿಯಾಗಿತ್ತು. ಬೆಂಕಿ ಹತ್ತದ ಹಾಗೆ ಆ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಸೇರಿಸುತ್ತಿದ್ದರು. ಬೆಳಕು ಬಿದ್ದು ಬಿದ್ದು ಅದು ಹೀಗಾಗುತ್ತದಂತೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳಿಯಾಗುತ್ತದೆ ಅನ್ನುತ್ತಾರೆ. ಜೂನ್ ತಿಂಗಳಲ್ಲಿ ಬದಿಯಡ್ಕದ ಕಡೆ ಬಿಸಿಲನ್ನು ಎಲ್ಲಿಂದ ತರುವುದು?

ಹಳೆಯ ಪೆಟ್ಟಿಗೆಗೆ ಹೊಸ ಸಾಮಾನು ತುಂಬುವುದರಲ್ಲಿ ಒಂದು ದೊಡ್ಡ ವಿಷಯ ಉಂಟು ಅಂತ ನನಗೆ ಅನಿಸಿದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ನನಗಿಂತ ಮೊದಲೇ ನಮ್ಮ ನಿವೃತ್ತ ಕನ್ನಡ ಮಾಸ್ಟ್ರು ಬಂದು, ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, "ನೋಡಿ, ಇದು ನಮ್ಮ ಕಾಸರಗೋಡೇ ಅಲ್ವಾ? 1956ರಲ್ಲಿ ಕೇರಳಕ್ಕೆ ಸೇರಿದಾಗ ನಮಗೆ ಆದದ್ದು ಇದರ ಉಲ್ಟಾ. ಒಳಗಿನದ್ದು ಹಾಗೇ ಇತ್ತು, ಪೆಟ್ಟಿಗೆ ಬದಲಾಯಿತು" ಅಂತ ಶುರು ಮಾಡಿದರು. ನಾನು ಚಹಾ ತರಿಸಿದೆ. ಅಡಿಕೆಯ ಕೊಳೆರೋಗದ ಮಾತೆತ್ತಿದರೂ ನವೆಂಬರ್ 1ಕ್ಕೆ ಹೋಗಿ ನಿಲ್ಲುವವರು ನಮ್ಮಲ್ಲಿದ್ದಾರೆ. ನನಗೂ ಸಂಕಟ ಇಲ್ಲ ಅಂತಲ್ಲ. ಹಾಗಂತ ಸಿಕ್ಕಿದ ತಗಡಿನ ಪೆಟ್ಟಿಗೆಯ ಮೇಲೆಲ್ಲ ಗಡಿನಾಡಿನ ಗೋಳು ಹೇರಬೇಕಾಗಿಲ್ಲ.

ಅಳತೆಯ ವಿಷಯದಲ್ಲಿ ಹಳಬರು ನಿಯತ್ತಿನವರು. ಹಿಂಬದಿಯ ಕಾರ್ಡಿನ ಸೀಳುಗಳ ಅಂತರ 1983ರ ಐಬಿಎಂ ಎಕ್ಸ್‌ಟಿ ಕಂಪ್ಯೂಟರಿನಿಂದ ಇವತ್ತಿನವರೆಗೂ 0.8 ಇಂಚೇ. ನಾನು ತರಿಸಿದ್ದು ಮಿನಿ ಐಟಿಎಕ್ಸ್ ಮದರ್‌ಬೋರ್ಡು, 170 ಮಿಲಿಮೀಟರ್ ಚೌಕ. ಆ ದೊಡ್ಡ ಅಂಗಳದಲ್ಲಿ ಒಂದು ಮೂಲೆಗೂ ಸಾಲಲಿಲ್ಲ. ಕೆಲವು ತೂತು ಕೂಡಿಬಂತು, ಉಳಿದದ್ದಕ್ಕೆ ಡ್ರಿಲ್ಲು. ಬೆನ್ನಿನಲ್ಲಿ ಆ ಸೀಳುಗಳು, ಕೀಬೋರ್ಡಿನ ಒಂದು ದುಂಡು ತೂತು ಬಿಟ್ಟರೆ ಹೊಸ ಬೋರ್ಡಿನ ಸಾಕೆಟ್ಟುಗಳಿಗೆ ಬೇರೆ ಕಿಂಡಿ ಇಲ್ಲ. ಹಾಗಾಗಿ ಗ್ರಿಲ್ ಮಾಡುವವನ ಹತ್ತಿರ ಕಿಟಕಿ ಕೊರೆಸಿದೆ. "ಎಂತ ಸಾರ್, ಇಲಿಬೋನಾ?" ಅಂತ ಕೇಳಿದ. ಮುಂದಿನ ಸ್ವಿಚ್ಚಿಗೆ ಆಗ ನೇರ 230 ವೋಲ್ಟ್ ಬರುತ್ತಿತ್ತು. ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತಿತ್ತು. ಹೊಸ ಬೋರ್ಡಿಗೆ ಅದನ್ನೇ ಜೋಡಿಸಿದರೆ ಬಟನ್ ಒತ್ತಿಯೇ ಹಿಡಿದ ಹಾಗಾಗಿ 4 ಸೆಕೆಂಡಿನಲ್ಲಿ ಯಂತ್ರ ತಾನಾಗಿ ಆರಿಹೋಗುತ್ತದೆ. ಅದರ ಕೊಕ್ಕೆ ಕಿತ್ತು ಸರಿ ಮಾಡಿದ್ದಾಯಿತು.

ಸ್ವಿಚ್ಚಿನ ಪಕ್ಕ ಒಂದು ಬೀಗ ಉಂಟು. ಅದರ ಕತೆ ಹೇಳದೆ ಮುಂದೆ ಹೋಗುವುದಕ್ಕಾಗುವುದಿಲ್ಲ.

ಆ ಕಾಲದ ಕಂಪ್ಯೂಟರಿಗೆ ಬೀಗ ಇರುತ್ತಿತ್ತು. 1984ರ ಐಬಿಎಂ ಎಟಿಯಲ್ಲಿ ಇತ್ತು, ಅದನ್ನು ನಕಲು ಮಾಡಿದವರೂ ಇಟ್ಟುಕೊಂಡರು. ತಿರುಗಿಸಿದರೆ ಕೀಬೋರ್ಡು ಬಂದ್. ದೊಡ್ಡಪ್ಪ ಮಂಗಳೂರಿನಿಂದ ಈ ಯಂತ್ರ ತಂದದ್ದು ಅಡಿಕೆಯ ಲೆಕ್ಕಕ್ಕೆ. ಆದರೆ ಅವರಿಗೆ ಅದರಲ್ಲಿ ಇಷ್ಟವಾದದ್ದು ಬೀಗ. ಗಿಡ್ಡ, ದುಂಡು ಕೀಲಿ. ಅದನ್ನು ಪತ್ತಾಯದ ಕೀಲಿ, ಅಡಿಕೆ ಕೋಣೆಯ ಕೀಲಿಯ ಜೊತೆ ಉಡಿದಾರಕ್ಕೆ ಕಟ್ಟಿಕೊಂಡರು. ರಜೆಯಲ್ಲಿ ನಾವು ಮಕ್ಕಳು ಹೋದರೆ ಕಂಪ್ಯೂಟರ್ ಆನ್ ಮಾಡಿ ಕೊಡುತ್ತಿದ್ದರು, ನೋಡುವುದಕ್ಕೆ. ಒತ್ತುವುದಕ್ಕಲ್ಲ. ಕೀಬೋರ್ಡಿಗೆ ಬೀಗ ಬಿದ್ದಿದೆ ಅಂತ ಪರದೆಯಲ್ಲಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದನ್ನು ಜೋರಾಗಿ ಓದಿ ಹೇಳುವುದರಲ್ಲಿ ಅವರಿಗೆ ಬಹಳ ಸಂತೋಷ.

ಒಂದು ಬೇಸಿಗೆಯಲ್ಲಿ ಆ ಕೀಲಿ ಕಳೆಯಿತು. ಮನೆಯ ಹಿಂದಿನ ಗುಡ್ಡದಲ್ಲಿ ಸುರಂಗ ಉಂಟು. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ಹಿಡಿಯುತ್ತಾರಲ್ಲ, ಅದು. ಆ ನೀರು ಬೀಳುವ ಕೆರೆಯಲ್ಲಿ ದೊಡ್ಡಪ್ಪ ಸ್ನಾನಕ್ಕೆ ಇಳಿದಿದ್ದರು. ಹತ್ತಿ ಬಂದಾಗ ಉಡಿದಾರದಲ್ಲಿ ಎರಡೇ ಕೀಲಿ. ಮುಚ್ಚಳ ಬಿಚ್ಚಿ ಒಳಗಿನ ಬೀಗದ ತಂತಿ ಕಳಚಿದ್ದರೆ ಮುಗಿಯುತ್ತಿತ್ತು. ಅದು ಯಾರಿಗೆ ಗೊತ್ತು? ಕೆರೆ ಬತ್ತಿಸುವುದು ಅಂತ ತೀರ್ಮಾನವಾಯಿತು. ಪಂಪು ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಕೆಸರು ಕಂಡಿತು. ಕೆಸರಿನಲ್ಲಿ ಸಿಕ್ಕಿದ್ದು ಒಂದು ಹಿತ್ತಾಳೆಯ ಚೊಂಬು.

ಅದು ದೊಡ್ಡಮ್ಮ ಮದುವೆಯಾಗಿ ಬಂದ ವರ್ಷ ಕಾಣೆಯಾಗಿದ್ದ ಚೊಂಬು. ಸೊಸೆ ತವರಿಗೆ ಸಾಗಿಸಿದಳು ಅಂತ ಅಜ್ಜಿ ಆಗ ಆಡಿದ್ದರಂತೆ. ದೊಡ್ಡಮ್ಮ ಅದನ್ನು ಹುಣಸೆಹುಳಿ ಹಾಕಿ ಫಳಫಳ ತಿಕ್ಕಿದರು. ತುಂಬ ನೀರು ಹಿಡಿದರು. ಚಾವಡಿಯಲ್ಲಿ ಕೂತಿದ್ದ ಅತ್ತೆಯ ಎದುರು ತಂದು ಇಟ್ಟರು. ಒಂದು ಮಾತೂ ಆಡಲಿಲ್ಲ. ಅಜ್ಜಿ ನೀರು ಕುಡಿದು, "ಇದು ಯಾವ ಚೊಂಬು?" ಅಂತ ಕೇಳಿದರು. ಅವತ್ತು ಮನೆಯಲ್ಲಿ ಮಧ್ಯಾಹ್ನದ ಅಡುಗೆ ಆಗಲಿಲ್ಲ.

ಕೀಲಿ ಸಿಗಲೇ ಇಲ್ಲ. ಕೊನೆಗೆ ಪೇಟೆಯ ಕಂಪ್ಯೂಟರ್ ಕ್ಲಾಸಿನ ಹುಡುಗನೊಬ್ಬ ಅವರ ಕ್ಲಾಸಿನ ಕೀಲಿ ತಂದು ತಿರುಗಿಸಿದ. ಟಕ್ ಅಂತ ತೆರೆಯಿತು. ಅಗ್ಗದ ಪೆಟ್ಟಿಗೆಗಳಿಗೆಲ್ಲ ಹೆಚ್ಚಾಗಿ ಒಂದೇ ನಮೂನೆಯ ಕೀಲಿ, ಅದು ಅವನಿಗೆ ಗೊತ್ತಿತ್ತು. ದೊಡ್ಡಪ್ಪನ ಮುಖ ಸಣ್ಣದಾಯಿತು. "ಊರಿಗೆಲ್ಲ ಕೀಲಿ ಇರುವ ಪತ್ತಾಯದಲ್ಲಿ ಭತ್ತ ಇಡುವವ ಉಂಟಾ?" ಅಂದರು. ಮರುದಿನವೇ ಲೆಕ್ಕ ಮತ್ತೆ ಪುಸ್ತಕಕ್ಕೆ ಹೋಯಿತು, ಯಂತ್ರ ಅಟ್ಟಕ್ಕೆ.

ಈಗ ಆ ಬೀಗದ ತಂತಿಗೆ ಹೊಸ ಬೋರ್ಡಿನಲ್ಲಿ ಜಾಗವೇ ಇಲ್ಲ. ತಂಗಿಯ ಮಗ ಅದನ್ನು ಪವರ್ ಬಟನ್ನಿನ ತಂತಿಯ ನಡುವೆ ಸೇರಿಸಿಕೊಟ್ಟ. ಕೀಲಿ ತಿರುಗಿಸದೆ ಯಂತ್ರ ಶುರುವಾಗಬಾರದು ಅಂತ. ಆದರೆ ಹಳೆಯ ಬೀಗದ ಕ್ರಮವೇ ಬೇರೆ. ಬೀಗ ಹಾಕಿದಾಗ ತಂತಿ ಕೂಡುತ್ತದೆ, ತೆಗೆದಾಗ ಬಿಡುತ್ತದೆ. ಹಾಗಾಗಿ ನಮ್ಮ ಕಂಪ್ಯೂಟರ್ ಬೀಗ ಹಾಕಿದರೆ ಮಾತ್ರ ಶುರುವಾಗುತ್ತದೆ. "ಸರಿ ಮಾಡ್ಬಹುದು ಮಾವ" ಅಂದ. ಬೇಡ ಅಂದೆ. ಇಷ್ಟು ಭದ್ರತೆ ಬೇರೆ ಯಾರ ಮನೆಯಲ್ಲಿ ಉಂಟು?

ಉಳಿದದ್ದು ಮುಂದಿನ ಎರಡಂಕೆಯ ಹಸಿರು ದೀಪ. "ಇದೂ ದೀಪವೇ ಅಲ್ವಾ ಮಾವ?" ಅಂತ ಅವನು ಕೊಂಕು ತೆಗೆದ. ಇದು ದೀಪವಲ್ಲ, ಅಂಕೆ. ಆಗ 66 ಅಂತ ಉರಿಯುತ್ತಿತ್ತು, ಮೆಗಾಹರ್ಟ್ಸ್. ಅದೇನೂ ವೇಗ ಅಳೆದು ತೋರಿಸುತ್ತಿದ್ದದ್ದಲ್ಲ. ಅದರ ಬೆನ್ನಿಗೆ ಜಂಪರ್, ಅಂದರೆ ಪಿನ್ನು ಕೂಡಿಸುವ ಸಣ್ಣ ಬಿರಡೆ, ಹೇಗೆ ಚುಚ್ಚಿದರೆ ಹಾಗೆ. 99 ಬೇಕಾದರೆ 99. ಹೊಸ ಪ್ರೊಸೆಸರಿನ ವೇಗ ನಾಲ್ಕಂಕೆ, ಅಲ್ಲಿ ಹಿಡಿಯುವುದಿಲ್ಲ. ಏನು ತೋರಿಸುವುದು ಅಂತ ಮನೆಯಲ್ಲಿ ಚರ್ಚೆಯಾಯಿತು. ಅಡಿಕೆಯ ರೇಟು ಹಾಕು ಅಂತ ಅಮ್ಮ. ಅದು ಮೂರಂಕೆ. ತೆಂಗಿನಕಾಯಿಯ ಕಿಲೋ ರೇಟು ಎರಡಂಕೆ, ಸರಿಯಾಗಿ ಕೂತಿತು. ರೇಟು ಬದಲಾದಾಗಲೆಲ್ಲ ಮುಚ್ಚಳ ಬಿಚ್ಚಿ ಜಂಪರ್ ಚುಚ್ಚಬೇಕು, ಅಷ್ಟೇ. ಮೊನ್ನೆ ನೆರೆಮನೆಯವರು ಕಿಟಕಿಯಿಂದ ನೋಡಿ, ಅದೇ ರೇಟು ನಂಬಿ ಕಾಯಿ ಮಾರಿ ಬಂದು, ಕಿಲೋಕ್ಕೆ ಎರಡು ರೂಪಾಯಿ ಹೋಯಿತು ಅಂತ ನನ್ನ ಹತ್ತಿರ ಜಗಳಕ್ಕೆ ನಿಂತರು. ಕಂಪ್ಯೂಟರ್ ತೋರಿಸಿದ್ದು ಸುಳ್ಳಾಗುತ್ತದಾ ಅಂತ ಅವರ ವಾದ.