ನಮ್ಮ ಡಿಫೆನ್ಸ್ ಕೈ ಎತ್ತಿದೆ

ನಿನ್ನೆ ರಾತ್ರಿ ಮತ್ತೆ ಸೋತೆವು. 1-3. ನಮ್ಮ ಫುಟ್‌ಬಾಲ್ ಟೀಮಿನ ಹೆಸರು ಹೇಳುವುದಿಲ್ಲ. ಗೊತ್ತಿರುವವರಿಗೆ ಗೊತ್ತು, ಗೊತ್ತಿಲ್ಲದವರು ನಿಮ್ಮದೇ ಟೀಮ್ ಅಂದುಕೊಂಡು ಓದಿ, ಏನೂ ವ್ಯತ್ಯಾಸ ಆಗಲ್ಲ. ಕಳೆದ ಆರು ಮ್ಯಾಚಿನಲ್ಲಿ ಇದು ಐದನೇ ಸೋಲು. ಇಷ್ಟು ವರ್ಷ ಈ ಟೀಮಿನ ಹಿಂದೆ ಬಿದ್ದವನಿಗೆ ಸೋಲು ಹೊಸದೇನಲ್ಲ, ಅದು ಮನೆಯವರಲ್ಲಿ ಒಬ್ಬರಿದ್ದ ಹಾಗೆ, ಬಂದರೆ ಎದ್ದು ಕೂಡ ನೋಡುವುದಿಲ್ಲ. ಆದರೆ ಈ ಐದೂ ಸೋಲಿನಲ್ಲಿ ನಮಗೆ ಬಿದ್ದ ಗೋಲು ಒಂದೇ ಥರದ್ದು. ಸ್ಟೇಡಿಯಂ ಬೇರೆ, ಎದುರಾಳಿ ಜರ್ಸಿ ಬಣ್ಣ ಬೇರೆ, ಗೋಲು ಮಾತ್ರ ಅದೇ. ನಿದ್ದೆ ಕೆಡಿಸಿದ್ದು ಅದು.

ಮೊದಲನೇ ಗೋಲು ನೋಡಿ. ನಾನು ಬೆಳಗ್ಗೆ ಎದ್ದು ಹನ್ನೊಂದು ಸಲ ನೋಡಿದೆ (ಹೌದು, ಬೇರೆ ಕೆಲಸ ಇತ್ತು). ನಮ್ಮ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ಡಿಫೆಂಡರ್, ಅವರ ಕಾರ್ನರ್ ಬಾವುಟದ ಹತ್ತಿರ ಹೋಗಿ ನಿಂತಿದ್ದಾನೆ. ಕ್ರಾಸ್ ಹಾಕುತ್ತಾನೆ, ಅದು ಯಾರದ್ದೋ ಕಾಲಿಗೆ ಬಡಿದು ವಾಪಸ್ ಬರುತ್ತದೆ. ಅವರ ಮಿಡ್‌ಫೀಲ್ಡರ್ ಬಾಲ್ ನಿಲ್ಲಿಸಿಕೊಳ್ಳುತ್ತಾನೆ. ಸುತ್ತ ನಮ್ಮವರು ಯಾರೂ ಇಲ್ಲ. ಯಾರೂ ಅಂದರೆ ಯಾರೂ. ಅವನು ತಲೆ ಎತ್ತಿ ನೋಡುತ್ತಾನೆ, ಒಂದು ಹೆಜ್ಜೆ ಹಾಕುತ್ತಾನೆ, ಇನ್ನೊಂದು ಸಲ ನೋಡುತ್ತಾನೆ, ಆಮೇಲೆ ಆರಾಮಾಗಿ ಉದ್ದದ ಪಾಸ್ ಹೊಡೆಯುತ್ತಾನೆ. ಸರಿಯಾಗಿ ಅಲ್ಲಿ ವಿಡಿಯೋ ನಿಲ್ಲಿಸಿ ನಮ್ಮ ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು (ನಡುವಿನ ಡಿಫೆಂಡರ್‌ಗಳು) ನೋಡಿ. ಒಬ್ಬ ಒಂದು ಹೆಜ್ಜೆ ಮುಂದಿಟ್ಟು ಬಲಗೈ ಎತ್ತಿದ್ದಾನೆ, ಆಫ್‌ಸೈಡ್ ಅಂತ (ಪಾಸ್ ಹೊಡೆಯುವ ಹೊತ್ತಿಗೆ ಸ್ಟ್ರೈಕರ್ ನಮ್ಮ ಕೊನೆಯ ಡಿಫೆಂಡರನ್ನು ದಾಟಿ ನಿಂತಿದ್ದರೆ ಆ ಗೋಲು ಲೆಕ್ಕಕ್ಕಿಲ್ಲ). ಇನ್ನೊಬ್ಬ ಹೆದರಿ ಆಗಲೇ ಹಿಂದಕ್ಕೆ ಓಡಲು ಶುರು ಮಾಡಿದ್ದಾನೆ. ಇಬ್ಬರ ನಡುವೆ ಎರಡು ಗಜ. ಆ ಎರಡು ಗಜದಲ್ಲಿ ಅವರ ಸ್ಟ್ರೈಕರ್ ಆನ್‌ಸೈಡ್ ಆಗಿ ಕೂತಿದ್ದಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಅದನ್ನು ಯಾರಿಗಾದರೂ ಚಿತ್ರದಲ್ಲಿ ತೋರಿಸಬೇಕಿದ್ದರೆ ಈ ಒಂದು ಫ್ರೇಮ್ ಸಾಕು.

ನನ್ನ ತಮ್ಮ ಈಗ ಮ್ಯಾಚ್ ನೋಡುವುದನ್ನೇ ಬಿಟ್ಟಿದ್ದಾನೆ. ಸ್ಕೋರ್ ಕೂಡ ಕೇಳುವುದಿಲ್ಲ. ಹಾಫ್ ಟೈಮಿಗೆ ಒಂದು ಮೆಸೇಜ್ ಹಾಕುತ್ತಾನೆ, "ಅಣ್ಣ, ಕೈ ಎತ್ತಿದ್ರಾ?" ಅಂತ. ನಾನು "ಎತ್ತಿದ್ರು" ಅಂದರೆ ಒಂದು ಗೋಲು ಬಿದ್ದಿದೆ ಅಂತ ಅವನಿಗೆ ಗೊತ್ತಾಗುತ್ತದೆ. ನಿನ್ನೆ ಕೇಳಿದಾಗ "ಇಬ್ಬರೂ ಎತ್ತಿದ್ರು" ಅಂತ ಬರೆದೆ. 0-2 ಅಂತ ಅವನೇ ಅರ್ಥ ಮಾಡಿಕೊಂಡ.

ಆ ಎರಡನೇ ಗೋಲು ಇದೆಯಲ್ಲ, ಅದು ನಿಜವಾಗಿ ನಾಚಿಕೆ ತರಿಸುವಂಥದ್ದು. ಒಂದು ಗೋಲು ಹಿಂದೆ ಇದ್ದೇವೆ ಅಂತ ನಮ್ಮವರು ಎಲ್ಲರೂ ಮುಂದೆ ನುಗ್ಗಿದ್ದರು. ಸೆಂಟರ್ ಬ್ಯಾಕ್‌ಗಳು ನಡುಗೆರೆ ದಾಟಿ ಎದುರಾಳಿ ಅರ್ಧದೊಳಗೆ ಹೋಗಿದ್ದರು. ಅವರ ಸ್ಟ್ರೈಕರ್ ನಡುಗೆರೆಗಿಂತ ಈಚೆ ಬರದೆ ಅವನದೇ ಅರ್ಧದಲ್ಲಿ ಸುಮ್ನೆ ಕಾಯುತ್ತಾ ನಿಂತಿದ್ದ. ಪಾಸ್ ಬಂತು, ಅವನು ಓಡಿದ. ನಮ್ಮವರಿಬ್ಬರೂ ಕೈ ಎತ್ತಿದರು. ಅಲ್ಲ ಸ್ವಾಮಿ, ಬಾಲ್ ಹೊಡೆದ ಹೊತ್ತಿಗೆ ಆಟಗಾರ ತನ್ನ ಅರ್ಧದಲ್ಲೇ ಇದ್ದರೆ ಅವನಿಗೆ ಆಫ್‌ಸೈಡೇ ಇಲ್ಲ! ಗಲ್ಲಿಯಲ್ಲಿ ಆಡುವ ಹುಡುಗರಿಗೂ ಗೊತ್ತಿರುವ ನಿಯಮ ಇದು. ಇಡೀ ಅರ್ಧ ಮೈದಾನ ಬಿಟ್ಟುಕೊಟ್ಟು, ಕೈ ಎತ್ತಿ, ಲೈನ್ಸ್‌ಮನ್ ಮುಖ ನೋಡುತ್ತಾ ನಿಂತಿದ್ದರು. ಗೋಲ್ ಕೀಪರ್ ಪಾಪ ಒಬ್ಬನೇ ಮುಂದೆ ಓಡಿ ಬಂದ, ತಲೆ ಮೇಲಿಂದ ಬಾಲ್ ಹೋಯಿತು. ಅವನು ನೆಲದ ಮೇಲೆ ಕೂತು ಆ ಇಬ್ಬರನ್ನು ನೋಡಿದ ನೋಟ ನೋಡಬೇಕಿತ್ತು.

ಮೂರನೆಯದು ಕಾರ್ನರ್. ಅಷ್ಟು ಹೊತ್ತಿಗೆ ಯಾರಿಗೂ ಆಡುವ ಮನಸ್ಸೇ ಇರಲಿಲ್ಲ, ಬಿಡಿ. ನಮ್ಮ ಒಂದು ಗೋಲು ಕೊನೆಯಲ್ಲಿ ಪೆನಾಲ್ಟಿಯಿಂದ ಬಂತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಬೇಡ.

ಈಗ ಕೋಚ್ ಸಾಹೇಬರ ವಿಷಯಕ್ಕೆ ಬರುತ್ತೇನೆ. ಮ್ಯಾಚ್ ಮುಗಿದ ಮೇಲೆ ಪ್ರೆಸ್ ಮೀಟಿನಲ್ಲಿ ಅವರು ಹೇಳಿದ್ದು: ನಮ್ಮ ಪ್ಲಾನ್ ಸರಿ ಇತ್ತು, ಆಟಗಾರರ ವೈಯಕ್ತಿಕ ತಪ್ಪುಗಳಿಂದ ಸೋತೆವು, ಇನ್ನೂ ಸಮಯ ಬೇಕು. ಹೋದ ವಾರವೂ ಇದೇ. ಅದರ ಹಿಂದಿನ ವಾರವೂ ಇದೇ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ನಾನು ಈಗ ಧ್ವನಿ ಬಂದ್ ಮಾಡಿ ನೋಡಿದರೂ ಅವರ ತುಟಿ ನೋಡಿ ಮುಂದಿನ ಪದ ಹೇಳುತ್ತೇನೆ.

ಒಂದೇ ತಪ್ಪು ಐದು ಮ್ಯಾಚಿನಲ್ಲಿ, ಬೇರೆ ಬೇರೆ ನಾಲ್ಕು ಡಿಫೆಂಡರ್‌ಗಳು ಮಾಡಿದರೆ ಅದು ವೈಯಕ್ತಿಕ ತಪ್ಪು ಹೇಗಾಗುತ್ತದೆ? ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಿದರು, ಅವನೂ ಬಂದು ಕೈ ಎತ್ತಿದ. ಅಂದರೆ ಹೇಳಿಕೊಟ್ಟಿದ್ದೇ ಅದು ಅಲ್ವಾ?

ಹೈ ಲೈನ್, ಅಂದರೆ ಡಿಫೆನ್ಸಿನ ಸಾಲನ್ನು ನಡುಗೆರೆ ಹತ್ತಿರ ನಿಲ್ಲಿಸುವುದು, ಕೆಟ್ಟ ಆಟ ಅಂತ ನಾನು ಹೇಳುತ್ತಿಲ್ಲ. ಡಿಫೆನ್ಸ್ ಮುಂದೆ ಬಂದು ನಿಂತರೆ ಮಿಡ್‌ಫೀಲ್ಡಿಗೂ ಅದಕ್ಕೂ ನಡುವೆ ಜಾಗ ಇರುವುದಿಲ್ಲ, ಎದುರಾಳಿಗೆ ಉಸಿರಾಡಲು ಆಗುವುದಿಲ್ಲ, ಬಾಲ್ ಬೇಗ ವಾಪಸ್ ಸಿಗುತ್ತದೆ. ಎಲ್ಲಾ ಸರಿ. ಆದರೆ ಅದಕ್ಕೆ ಒಂದು ಷರತ್ತಿದೆ. ಬಾಲ್ ಇಟ್ಟುಕೊಂಡವನ ಮೇಲೆ ಒತ್ತಡ ಇರಬೇಕು. ಅವನು ತಲೆ ಎತ್ತಿ ನೋಡುವಷ್ಟು ಹೊತ್ತು ಸಿಗಬಾರದು. ಅವನಿಗೆ ಒಂದು ಸೆಕೆಂಡ್ ಸಿಕ್ಕಿತು ಅಂದರೆ ನಿಮ್ಮ ಬೆನ್ನ ಹಿಂದೆ ನಲವತ್ತು ಗಜ ಖಾಲಿ ಬಿದ್ದಿದೆ, ಅದನ್ನು ಅವನು ಹುಡುಕಬೇಕಾಗಿಲ್ಲ, ಕಣ್ಣಿಗೆ ರಾಚುತ್ತದೆ. ಹಾಗಾಗಿ ಲೈನ್ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಡಿಫೆಂಡರ್ ತೀರ್ಮಾನ ಮಾಡುವುದಲ್ಲ, ಮುಂದೆ ಓಡುವವರು ಎಷ್ಟು ಓಡುತ್ತಾರೆ ಅನ್ನುವುದು ತೀರ್ಮಾನ ಮಾಡುತ್ತದೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಸೀಸನ್ ಶುರುವಿನಲ್ಲಿ ಇದೇ ಕೋಚ್ ಬಂದಾಗ, ಇದೇ ಹೈ ಲೈನ್ ಇಟ್ಟುಕೊಂಡು ಮೊದಲ ಎಂಟು ಮ್ಯಾಚಿನಲ್ಲಿ ಆರು ಗೆದ್ದಾಗ, ಇದೇ ಜಾಗದಲ್ಲಿ ಉದ್ದಕ್ಕೆ ಹೊಗಳಿ ಬರೆದವನು ನಾನೇ. ಕೆಲವರು ಅದನ್ನು ಈಗ ಹುಡುಕಿ ತೆಗೆದು ನನಗೇ ಕಳಿಸುತ್ತಿದ್ದಾರೆ. ಕಳಿಸಿ, ಪರವಾಗಿಲ್ಲ. ಆಗ ಅದು ಕೆಲಸ ಮಾಡುತ್ತಿತ್ತು, ಯಾಕೆಂದರೆ ಮಿಡ್‌ಫೀಲ್ಡಿನಲ್ಲಿ ನಮ್ಮ ಆ ಸಣ್ಣ ಹುಡುಗ ಇದ್ದ. ಗೋಲು ಹೊಡೆಯುವವನಲ್ಲ, ಪೋಸ್ಟರಿನಲ್ಲಿ ಅವನ ಮುಖ ಇರುತ್ತಿರಲಿಲ್ಲ. ಆದರೆ ಎದುರಾಳಿ ಬಾಲ್ ಮುಟ್ಟುವ ಮೊದಲೇ ಅವನ ಕಾಲ ಬುಡದಲ್ಲಿ ಇರುತ್ತಿದ್ದ. ಪಾಸ್ ಹೊಡೆಯಲು ಬಿಡುತ್ತಿರಲಿಲ್ಲ, ಹೊಡೆದರೂ ಸರಿಯಾಗಿ ಹೊಡೆಯಲು ಬಿಡುತ್ತಿರಲಿಲ್ಲ. ಒಂಬತ್ತನೇ ಮ್ಯಾಚಿನಲ್ಲಿ ಅವನ ಮಂಡಿ ಹೋಯಿತು. ಈ ಸೀಸನ್ ಪೂರ್ತಿ ಇಲ್ಲ. ಅವನ ಜಾಗಕ್ಕೆ ಬಂದವನು ಒಳ್ಳೆಯ ಪಾಸ್ ಕೊಡುತ್ತಾನೆ, ನೋಡಲು ಚೆಂದ, ಓಡುವುದಿಲ್ಲ. ಲೈನ್ ಮಾತ್ರ ಇದ್ದಲ್ಲೇ ಇದೆ. ಒಂದು ಗಜ ಹಿಂದಕ್ಕೆ ಬಂದಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಟಮಾರಿ ಕೋಚ್‌ಗಳು ಬದಲಾಗಲ್ಲ ಅಂತ ಯಾರಾದರೂ ಹೇಳಿದರೆ ನಾನು ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಕಥೆ ಹೇಳುತ್ತೇನೆ. 2023ರ ನವೆಂಬರ್, ತಮ್ಮದೇ ಮೈದಾನದಲ್ಲಿ ಚೆಲ್ಸಿ ವಿರುದ್ಧ ಇಬ್ಬರು ರೆಡ್ ಕಾರ್ಡ್ ತಗೊಂಡು ಒಂಬತ್ತೇ ಜನ ಉಳಿದರು. ಆಗಲೂ ಅವರ ಕೋಚ್ ಆಂಜ್ ಪೋಸ್ಟೆಕಾಗ್ಲು ಡಿಫೆನ್ಸನ್ನು ನಡುಗೆರೆ ಹತ್ತಿರವೇ ನಿಲ್ಲಿಸಿದರು. ಅದನ್ನು ನೋಡುತ್ತಾ ನಾನು ನಗಬೇಕೋ ಚಪ್ಪಾಳೆ ತಟ್ಟಬೇಕೋ ಗೊತ್ತಾಗದೆ ಕೂತಿದ್ದೆ. 1-4 ಸೋತರು, ಚೆಲ್ಸಿಯ ನಿಕೊಲಸ್ ಜಾಕ್ಸನ್ ಒಬ್ಬನೇ ಮೂರು ಹೊಡೆದ. ಮುಂದಿನ ಸೀಸನ್ ಅಂತೂ ಲೀಗಿನ 38 ಮ್ಯಾಚಿನಲ್ಲಿ 22 ಸೋಲು, 17ನೇ ಸ್ಥಾನ. ಆದರೆ ಅದೇ ಸೀಸನ್ನಿನ ಯೂರೋಪಾ ಲೀಗ್ ಫೈನಲ್‌ನಲ್ಲಿ, ಅದೇ ಕೋಚ್, ಒಂದು ಗೋಲು ಹೊಡೆದ ಮೇಲೆ ಇಡೀ ಟೀಮನ್ನು ಹಿಂದಕ್ಕೆ ಎಳೆದು ಕೂರಿಸಿದರು. ಎರಡನೇ ಅರ್ಧ ಪೂರ್ತಿ ಬರೀ ತಡೆದರು. ಅವರ ಡಿಫೆಂಡರ್ ವಾನ್ ಡಿ ವೆನ್ ಗೋಲ್ ಲೈನಿನ ಮೇಲೆ ಗಾಳಿಯಲ್ಲಿ ಹಾರಿ ಬಾಲ್ ಹೊರಗೆ ಒದ್ದಿದ್ದು ನೆನಪಿದೆಯಾ? ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 1-0, ಕಪ್ ಬಂತು. ಹದಿನಾರು ದಿನ ಕಳೆದ ಮೇಲೆ ಅವರನ್ನು ಕೆಲಸದಿಂದ ತೆಗೆದರು ಅನ್ನುವುದು ಬೇರೆ ಮಾತು, ಫುಟ್‌ಬಾಲಿನಲ್ಲಿ ನ್ಯಾಯ ಹುಡುಕಬಾರದು. ನಾನು ಹೇಳುವುದು ಇಷ್ಟೇ, ಒಂಬತ್ತು ಜನ ಇಟ್ಟುಕೊಂಡು ನಡುಗೆರೆ ಬಿಡದ ಮನುಷ್ಯನೇ ಹಿಂದಕ್ಕೆ ಬಂದರು. ನಮ್ಮ ಸಾಹೇಬರಿಗೆ ಹನ್ನೊಂದು ಜನ ಇದ್ದಾರೆ.

ಇನ್ನೂ ಹಳೆಯದು ಬೇಕಾ? 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದಕ್ಕೆ ಮುಂಚೆ ಸ್ಟ್ರೈಕರ್ ಮುಂದೆ ಗೋಲ್ ಕೀಪರ್ ಸೇರಿ ಎದುರಾಳಿಯ ಮೂರು ಜನ ಇರಬೇಕಿತ್ತು, ಆಮೇಲೆ ಇಬ್ಬರು ಸಾಕು ಅಂತ ಮಾಡಿದರು. ಡಿಫೆನ್ಸ್‌ಗಳೆಲ್ಲ ಕಕ್ಕಾಬಿಕ್ಕಿ. ಆ ಅಕ್ಟೋಬರ್‌ನಲ್ಲಿ ಆರ್ಸೆನಲ್ ನ್ಯೂಕ್ಯಾಸಲ್‌ಗೆ ಹೋಗಿ 0-7 ಸೋತಿತು. ಏಳು! ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಆಗಷ್ಟೇ ಬಂದಿದ್ದವರು, ಅವರಿಗೂ "ಸಮಯ ಬೇಕು" ಅನ್ನಬಹುದಿತ್ತು. ಹಾಗನ್ನಲಿಲ್ಲ. ಟೀಮಿನ ಹಿರಿಯ ಆಟಗಾರ ಚಾರ್ಲಿ ಬಕನ್, ಮಿಡ್‌ಫೀಲ್ಡಿನ ನಡುವೆ ಆಡುವ ಸೆಂಟರ್ ಹಾಫನ್ನು ಹಿಂದಕ್ಕೆ ಎಳೆದು ಡಿಫೆನ್ಸಿನ ನಡುವೆ ನಿಲ್ಲಿಸಿ ಅಂತ ವಾದ ಮಾಡಿದ. ಚಾಪ್‌ಮನ್ ಒಪ್ಪಿದರು. ಎರಡೇ ದಿನದ ನಂತರ ವೆಸ್ಟ್ ಹ್ಯಾಮ್ ಮೇಲೆ 4-0 ಗೆದ್ದರು. ಆ ಸೀಸನ್ ಎರಡನೇ ಸ್ಥಾನ. ಎರಡು ದಿನ ಸಾಕಾಯಿತು ನೋಡಿ, ಅದೂ ಒಬ್ಬ ಆಟಗಾರನ ಮಾತು ಕೇಳಿ. ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಯಾರಾದರೂ ಬಾಯಿ ಬಿಟ್ಟು ಹೀಗೆ ಹೇಳುತ್ತಾರಾ, ಹೇಳಿದರೆ ಮುಂದಿನ ಮ್ಯಾಚಿಗೆ ಬೆಂಚಿನಲ್ಲಾದರೂ ಜಾಗ ಸಿಗುತ್ತದಾ ಅನ್ನುವುದೇ ನನ್ನ ಅನುಮಾನ.

ಸಮಯದ ಮಾತು ಬಂತಲ್ಲ, ಮೊರಾಕ್ಕೋ ನೆನಪಾಯಿತು. 2022ರ ವರ್ಲ್ಡ್ ಕಪ್‌ಗೆ ಮೂರು ತಿಂಗಳೂ ಇಲ್ಲದಿರುವಾಗ ವಲೀದ್ ರೆಗ್ರಾಗಿ ಕೋಚ್ ಆಗಿ ಬಂದರು. ಸೆಮಿಫೈನಲ್ ತನಕ ಐದು ಮ್ಯಾಚ್. ಎದುರಿಗೆ ಕ್ರೊಯೇಷಿಯಾ, ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್ ಎಲ್ಲಾ ಇದ್ದರು. ಅವರಿಗೆ ಬಿದ್ದಿದ್ದು ಒಂದೇ ಗೋಲು, ಅದೂ ಕೆನಡಾ ವಿರುದ್ಧ ತಮ್ಮವನೇ ಹೊಡೆದುಕೊಂಡಿದ್ದು. ನ್ಯಾಷನಲ್ ಟೀಮ್ ಅಂದರೆ ಆಟಗಾರರು ದಿನಾ ಕೈಗೆ ಸಿಗುವುದಿಲ್ಲ, ಕ್ಲಬ್‌ನಿಂದ ಬಂದು ಕೆಲವು ದಿನ ಜೊತೆಗಿದ್ದು ಹೋಗುವವರು. ನಮ್ಮವರು ದಿನಾ ಬೆಳಗ್ಗೆ ಒಂದೇ ಮೈದಾನದಲ್ಲಿ ಸೇರುತ್ತಾರೆ. ಇನ್ನೆಷ್ಟು ಸಮಯ ಬೇಕು ಸಾರ್?

"ಇರುವ ಆಟಗಾರರೇ ಹೀಗಿದ್ದರೆ ಕೋಚ್ ಏನು ಮಾಡಬೇಕು" ಅಂತ ಗೆಳೆಯನೊಬ್ಬ ನಿನ್ನೆ ಜಗಳಕ್ಕೇ ಬಂದ. ಅರ್ಧ ಒಪ್ಪುತ್ತೇನೆ. ನಮ್ಮ ಸೆಂಟರ್ ಬ್ಯಾಕ್‌ಗಳು ನಿಧಾನ. ತಿರುಗಿ ಓಡಲು ಶುರು ಮಾಡುವ ಹೊತ್ತಿಗೆ ಸ್ಟ್ರೈಕರ್ ಗೋಲು ಹೊಡೆದು ಸಂಭ್ರಮವನ್ನೂ ಮುಗಿಸಿರುತ್ತಾನೆ. ಮಂಡಿ ಹೋದ ಹುಡುಗನ ಬದಲಿಗೆ ಜನವರಿಯಲ್ಲಿ ಒಬ್ಬ ಓಡುವವನನ್ನು ತರದೆ ಇನ್ನೊಬ್ಬ ವಿಂಗರ್ ತಂದ ಆಡಳಿತದವರಿಗೂ ಪಾಲಿದೆ, ಆ ಸಿಟ್ಟು ಇನ್ನೊಂದು ದಿನಕ್ಕೆ ಇಟ್ಟಿದ್ದೇನೆ. ಆದರೆ ಸ್ವಾಮಿ, ನಿಧಾನ ಇರುವವರನ್ನು ನಡುಗೆರೆಯಲ್ಲಿ ನಿಲ್ಲಿಸಿದ್ದು ಯಾರು? ಅವರೇನು ತಾವಾಗಿ ಹೋಗಿ ನಿಂತರಾ? ಇಬ್ಬರೂ ಎತ್ತರ ಇದ್ದಾರೆ, ತಲೆಯಿಂದ ಹೊಡೆಯುವುದರಲ್ಲಿ ಗಟ್ಟಿ, ಪೆನಾಲ್ಟಿ ಬಾಕ್ಸಿನ ಮುಂದೆ ನಿಲ್ಲಿಸಿದರೆ ಕ್ರಾಸ್ ಮೇಲೆ ಕ್ರಾಸ್ ತೆಗೆದು ಬಿಸಾಡುತ್ತಾರೆ. ಎರಡು ವರ್ಷದ ಹಿಂದೆ ಇದೇ ಇಬ್ಬರು ಹಾಗೆ ಆಡಿದ್ದನ್ನು ನಾವೆಲ್ಲ ನೋಡಿದ್ದೇವೆ.

ಇಂಗ್ಲೆಂಡಿನ ಲೀಗಿನಲ್ಲಿ ಲೆಸ್ಟರ್ ಚಾಂಪಿಯನ್ ಆದ ವರ್ಷ ಎಲ್ಲರಿಗೂ ಗೊತ್ತು. ಆ ಸೀಸನ್ನಿನ ಶುರುವಿನಲ್ಲಿ ಅವರ ಡಿಫೆನ್ಸ್ ನಮ್ಮಷ್ಟೇ ತೂತಾಗಿತ್ತು ಅನ್ನುವುದು ಎಷ್ಟು ಜನಕ್ಕೆ ನೆನಪಿದೆಯೋ. 2015ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಬಂದು ಅವರ ಮನೆಯಲ್ಲೇ ಐದು ಹೊಡೆದು ಹೋಯಿತು. ಅವರ ಕೋಚ್ ರಾನಿಯೇರಿ ಎರಡೂ ಫುಲ್ ಬ್ಯಾಕ್‌ಗಳನ್ನು, ಅಂದರೆ ಎಡ-ಬಲ ಬದಿಯ ಡಿಫೆಂಡರ್‌ಗಳನ್ನು, ಬದಲಾಯಿಸಿದರು, ಮುಂದೆ ನುಗ್ಗುವವರನ್ನು ತೆಗೆದು ಜಾಗ ಬಿಡದೆ ನಿಲ್ಲುವ ಸಿಂಪ್ಸನ್ ಮತ್ತು ಫುಕ್ಸ್‌ನನ್ನು ಹಾಕಿದರು. ಒಂದೇ ಒಂದು ಕ್ಲೀನ್ ಶೀಟ್ (ಒಂದೂ ಗೋಲು ಬೀಳದ ಮ್ಯಾಚ್) ಇಟ್ಟರೆ ಎಲ್ಲರಿಗೂ ಪಿಜ್ಜಾ ಅಂತಲೂ ಹೇಳಿದ್ದರು. ಅಕ್ಟೋಬರ್ ಕೊನೆಯಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೇಲೆ 1-0, ಪಿಜ್ಜಾ ಸಿಕ್ಕಿತು. ಮೇ ತಿಂಗಳಲ್ಲಿ ಟ್ರೋಫಿ.

ನನಗೆ ಟ್ರೋಫಿ ಬೇಡ. ಸಾಹೇಬರನ್ನು ಕಿತ್ತು ಹಾಕಿ ಅಂತ ಬೋರ್ಡ್ ಹಿಡಿಯುವವರ ಜೊತೆಗೂ ನಾನಿಲ್ಲ, ಸೀಸನ್ ಮಧ್ಯದಲ್ಲಿ ಇನ್ನೊಬ್ಬರು ಬಂದು ಇನ್ನೊಂದು ಕಥೆ ಹೇಳುವುದನ್ನು ಕೇಳುವ ಶಕ್ತಿ ನನಗಿಲ್ಲ. ಕೇಳುವುದು ಹತ್ತು ಗಜ. ಲೈನನ್ನು ಹತ್ತು ಗಜ ಹಿಂದಕ್ಕೆ ತನ್ನಿ. ಲೆಫ್ಟ್ ಬ್ಯಾಕ್‌ಗೆ, ರೈಟ್ ಬ್ಯಾಕ್ ಮುಂದೆ ಹೋದಾಗ ನೀನು ಮನೆಯಲ್ಲಿರಪ್ಪಾ ಅಂತ ಹೇಳಿ. ಇಬ್ಬರೂ ಒಟ್ಟಿಗೆ ಹೋಗಿ ಏನು ಮಾಡುತ್ತೀರಿ ಅಲ್ಲಿ? ಸೋತರೂ ಪರವಾಗಿಲ್ಲ, ಒಂದು ಹೊಸ ಥರ ಸೋಲೋಣ. ದೂರದಿಂದ ಯಾರೋ ಒಬ್ಬ ಮೂವತ್ತು ಗಜದಿಂದ ಹೊಡೆದು ಗೋಲಾದರೆ ನಾನೇ ಎದ್ದು ಚಪ್ಪಾಳೆ ತಟ್ಟುತ್ತೇನೆ.

ಶನಿವಾರ ಮತ್ತೆ ಮ್ಯಾಚಿದೆ. ಎದುರಿಗೆ ಬರುವವರ ಸ್ಟ್ರೈಕರ್ ಇಡೀ ಲೀಗಿನಲ್ಲೇ ಜೋರಾಗಿ ಓಡುವವರಲ್ಲಿ ಒಬ್ಬ. ನೋಡುವುದಿಲ್ಲ ಅಂತ ನಿನ್ನೆ ರಾತ್ರಿ ಹೇಳಿದ್ದೆ, ಬೆಳಗ್ಗೆ ಅಲಾರಂ ಇಟ್ಟಾಯಿತು. ಇದನ್ನು ಬರೆಯುತ್ತಿರುವಾಗಲೇ ತಮ್ಮನ ಮೆಸೇಜ್ ಬಂತು. ಟ್ರೈನಿಂಗಿನ ಫೋಟೋ ಯಾರೋ ಹಾಕಿದ್ದಾರಂತೆ. ನಮ್ಮ ನಾಲ್ಕೂ ಡಿಫೆಂಡರ್‌ಗಳು ಸಾಲಾಗಿ ನಿಂತು ವಾರ್ಮ್ ಅಪ್ ಮಾಡುತ್ತಿದ್ದಾರೆ, ನಾಲ್ವರ ಕೈಯೂ ಮೇಲೆ. ಕೆಳಗೆ ಅವನು ಬರೆದಿದ್ದಾನೆ, "ಅಣ್ಣ, ಪ್ರಾಕ್ಟೀಸ್ ಶುರು ಮಾಡಿದ್ದಾರೆ."