ಯಾವ ಎಲೆ?

ನಮ್ಮ ಕಡೆಯ ವಿಶ್ವವಿದ್ಯಾಲಯವೊಂದರ ಭೌತವಿಜ್ಞಾನ ವಿಭಾಗ ತನ್ನ ಸಂಶೋಧನೆಯ ಆದ್ಯತೆಗಳನ್ನು ಪ್ರಕಟಿಸಿದೆಯಲ್ಲ, ಓದಿರುತ್ತೀರಿ. ಮೊದಲನೆಯದು ನ್ಯಾನೊ, ಎರಡನೆಯದೂ ನ್ಯಾನೊ, ಮೂರನೆಯದು ‘ಸಮಾಜಮುಖಿ ನ್ಯಾನೊ’. ಗೊಂದಲವೇ ಇಲ್ಲ, ಭೇಷ್!

ವಿಧಾನ ಗೊತ್ತಿರುವುದೇ. ಎಲೆ ಕುದಿಸಿ ಕಷಾಯ ಮಾಡಿ, ಜಿಂಕ್ ನೈಟ್ರೇಟ್ ಬೆರೆಸಿ ಕುಲುಮೆಗಿಟ್ಟರೆ ಜಿಂಕ್ ಆಕ್ಸೈಡಿನ ನ್ಯಾನೊ ಪುಡಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಪುಡಿಗೆ ಎಕ್ಸ್-ಕಿರಣ ಹಾಯಿಸಿ ಪಡೆದ ಎಕ್ಸ್‌ಆರ್‌ಡಿ ಗ್ರಾಫಿನ ಶಿಖರದ ಅಗಲ ಅಳೆದು, ಶೆರರ್ 1918ರಲ್ಲೇ ಕೊಟ್ಟುಹೋದ ಸೂತ್ರಕ್ಕೆ ಹಾಕಿದರೆ ಕಣದ ಗಾತ್ರ. ಪಕ್ಕದ ಮೈಕ್ರೊಬಯಾಲಜಿಯವರ ತಟ್ಟೆಯಲ್ಲಿ ಆ ಪುಡಿಯಿಂದ ನಾಲ್ಕು ಬ್ಯಾಕ್ಟೀರಿಯ ಸಾಯಿಸಿದರೆ ಪೇಪರ್ ರೆಡಿ. ಮುಂದಿನ ಪೇಪರಿಗೆ ಎಲೆ ಬದಲಾಯಿಸಿ, ಅಷ್ಟೆ.

ಬೇವು, ತುಳಸಿ, ನುಗ್ಗೆ ಎಲ್ಲ ಮುಗಿದಿವೆ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಕಟ್ಟು ಬಿಡಿಸಿ ತೊಟ್ಟು ನೋಡುವ ಹುಡುಗರನ್ನು ಅಂಗಡಿಯಾಕೆ ‘ತಾಂಬೂಲಕ್ಕೋ, ಪಿಎಚ್‌ಡಿಗೋ?’ ಎಂದು ಕೇಳುವ ಕಾಲ ಬಂತು. ಮೈಸೂರು ವೀಳ್ಯದೆಲೆಗೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಇದೆ, ಸರಿ. ನಂಜನಗೂಡು ರಸಬಾಳೆಗೂ ಇದೆಯಲ್ಲ, ಆ ಬಾಳೆಲೆಗೆ ಏಕೆ ಅನ್ಯಾಯ? ಈರನಗೆರೆ ಬದನೆಯ ಪರವಾಗಿ ಹೋರಾಟ ಸಮಿತಿ ಆಗಲೇಬೇಕು. ಮಂಡ್ಯದವರಂತೂ ಕಬ್ಬಿನ ತರಗನ್ನು ಗದ್ದೆಯಲ್ಲೇ ಸುಟ್ಟು ಎಷ್ಟು ಡಾಕ್ಟರೇಟು ಬೂದಿ ಮಾಡಿದರೋ!

ಅಂದಹಾಗೆ ಎಕ್ಸ್‌ಆರ್‌ಡಿ ಯಂತ್ರ ವಿಭಾಗದಲ್ಲೇ ಇದೆ. ನಿರ್ವಹಣೆಯ ಗುತ್ತಿಗೆ ನವೀಕರಿಸಿಲ್ಲ, ಹಾಗಾಗಿ ಮುಸುಕು ಹೊದ್ದು ಮಲಗಿದೆ. ಮುಸುಕಿನ ಮೇಲೆ ಆಯುಧಪೂಜೆಯ ಕುಂಕುಮ ಒಣಗಿದೆ, ಒಂದು ಸೇವಂತಿಗೆಯೂ. ವಿಶ್ವವಿದ್ಯಾಲಯಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬಂದ ದಿನ ಮುಸುಕು ತೆಗೆದು ಹಸಿರು ದೀಪ ಹೊತ್ತಿಸಿ ತೋರಿಸುತ್ತಾರೆ. ಸ್ಯಾಂಪಲ್ ಮಾತ್ರ ಬೆಂಗಳೂರಿಗೆ ಹೋಗುತ್ತದೆ, ಫೀಸು ವಿದ್ಯಾರ್ಥಿಯ ಜೇಬಿನಿಂದ.

ಇದೇ ಊರಿನ ಮಾನಸಗಂಗೋತ್ರಿಗೆ, ಅಂದರೆ ಮೈಸೂರು ವಿಶ್ವವಿದ್ಯಾಲಯದ ಆವರಣಕ್ಕೆ, 1961ರಲ್ಲಿ ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಬಂದು ಭೌತವಿಜ್ಞಾನ ವಿಭಾಗ ಕಟ್ಟಿದರು, ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಶಿಸ್ತಾಗಿ ನಿಲ್ಲುವ ದ್ರವಸ್ಫಟಿಕದ ಬೆನ್ನು ಹತ್ತಿದರು. ಅದೇ ದ್ರವಸ್ಫಟಿಕದ ಎಲ್‌ಸಿಡಿ ಟಿ.ವಿ. ನಮ್ಮ ಹಜಾರಕ್ಕೆ ಬರಲು ಇನ್ನೂ ದಶಕಗಳಿದ್ದವು. ಮುಂದೆ ಬೆಂಗಳೂರಿನ ರಾಮನ್ ಸಂಸ್ಥೆಗೆ ಹೋಗಿ, 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆಂದು ತಂಡದೊಡನೆ ತೋರಿಸಿದರು. ನಮ್ಮ ಆದ್ಯತಾ ಸಮಿತಿಯ ಮುಂದೆ ಕೂತಿದ್ದರೆ ಒಂದೇ ಪ್ರಶ್ನೆ: ‘ಅದೆಲ್ಲ ಸರಿ ಸರ್, ಯಾವ ಎಲೆ?’

ನಗು ಬರುತ್ತಿಲ್ಲ ಕಣ್ರೀ. ಪಿಎಚ್‌ಡಿಗೆ ಪೇಪರ್ ಕಡ್ಡಾಯವಲ್ಲ ಎಂದು ಯುಜಿಸಿ 2022ರಲ್ಲೇ ಹೇಳಿದರೂ ಇಲ್ಲಿ ಗೈಡು ಕೇಳುವುದು ಸ್ಕೋಪಸ್ ಎಂಬ ಸಂಶೋಧನಾ ಪತ್ರಿಕೆಗಳ ಪಟ್ಟಿಯಲ್ಲಿ ಎಷ್ಟು ಪೇಪರ್ ಎಂಬ ಸಂಖ್ಯೆಯನ್ನೇ. ಕಾಯಂ ಹುದ್ದೆ ತುಂಬುವುದಿಲ್ಲ. ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ ಸಂಜೆ ಪಿಯುಸಿ ಹುಡುಗರಿಗೆ ಟ್ಯೂಷನ್ ಹೇಳಿ ಮನೆ ಬಾಡಿಗೆ ಕಟ್ಟುತ್ತಾಳೆ. ತಿಂಗಳುಗಟ್ಟಲೆ ಬಾಕಿಯಿರುವ ಸಂಬಳದ ಫೈಲ್ ಎಲ್ಲಿ ಎಂದರೆ ಫೈನಾನ್ಸ್ ಸೆಕ್ಷನ್ ಕಡೆ ಕೈ ತೋರಿಸುತ್ತಾರೆ. ಅಲ್ಲಿ ನ್ಯಾನೊ ಸಮ್ಮೇಳನದ ಫ್ಲೆಕ್ಸು, ಶಾಲು, ಮೈಸೂರು ಪೇಟದ ಬಿಲ್ಲು ಪಾಸಾಗುತ್ತಿದೆ.